ಹೊಳಪು ಬಣ್ಣದಲ್ಲಿಲ್ಲ, ಗೆರೆಯಲ್ಲಿದೆ

ಮೊಬೈಲಿನ ಬೆನ್ನನ್ನು ದೀಪದ ಕೆಳಗೆ ಅತ್ತಿತ್ತ ವಾಲಿಸಿದಾಗ ಬೆಳಕಿನ ಪಟ್ಟಿಯೊಂದು ಒಳಗೇ ಹರಿದಾಡುವುದನ್ನು ನೀವು ನೋಡಿರುತ್ತೀರಿ. ಅದು ಬಣ್ಣದ ಗುಣವೆಂದೇ ನಾನು ಬಹಳ ಕಾಲ ನಂಬಿದ್ದೆ. ಪ್ಲಾಸ್ಟಿಕ್ ಅಲಂಕಾರದ ಕೆಲಸಕ್ಕೆ ಸೇರಿದ ಮೇಲೆ, ಅದು ಬೆನ್ನಿನ ಒಳಬದಿಯ ಪ್ಲಾಸ್ಟಿಕ್ ಹಾಳೆಯಲ್ಲಿರುವ, ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಆಳದ ಗೆರೆಗಳ ಕೆಲಸವೆಂದು ತಿಳಿಯಿತು. ಲೇತಿಗೆ ಕೊಟ್ಟು ಉಜ್ಜಿದ ಸ್ಟೀಲ್ ಮುಚ್ಚಳದ ಮೇಲೆ ಬೆಳಕು ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದಕ್ಕೂ ಇದೇ ಕಾರಣ.

ಗೆರೆಗಳು ಮೊದಲು ಅಚ್ಚಿನಲ್ಲಿರುತ್ತವೆ. ಅಚ್ಚಿನ ಮೇಲೆ ಬೆಳಕಿಗೆ ಗಟ್ಟಿಯಾಗುವ ಅಕ್ರಿಲೇಟ್ ರೆಸಿನ್ ಎಂಬ ಅಂಟು ದ್ರವವನ್ನು ಸುರಿದು, ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ರೋಲರಿನಿಂದ ಒತ್ತಿ ಗಾಳಿಗುಳ್ಳೆಗಳನ್ನು ಹೊರದೂಡಿ, ಹಾಳೆಯ ಮೂಲಕವೇ ಅತಿನೇರಳೆ ಬೆಳಕನ್ನು ಹಾಯಿಸಿದರೆ ರೆಸಿನ್ ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಹಾಳೆಯನ್ನು ಸುಲಿದಾಗ ಗೆರೆಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ಅದರ ಮೇಲೆ ನೇರವಾಗಿ ಶಾಯಿ ಹಚ್ಚುವಂತಿಲ್ಲ, ಏಕೆಂದರೆ ರೆಸಿನ್ ಮತ್ತು ಶಾಯಿ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಗೆರೆಗಳು ಕಾಣದಂತಾಗುತ್ತವೆ. ಆದ್ದರಿಂದ ನಡುವೆ ತವರ ಅಥವಾ ಇಂಡಿಯಂನ ಅತಿ ತೆಳುವಾದ ಲೇಪವನ್ನು ನಿರ್ವಾತದಲ್ಲಿ ಕೂರಿಸುತ್ತಾರೆ. ಲೋಹವು ಬಿಡಿಬಿಡಿ ದ್ವೀಪಗಳಂತೆ ಕೂರುವ ಕಾರಣ ಆಂಟೆನಾದ ಸಂಕೇತಕ್ಕೆ ಅಡ್ಡಿಯಾಗುವುದಿಲ್ಲ. ಶಾಯಿ ಹಚ್ಚುವ ಸ್ಕ್ರೀನ್ ಪ್ರಿಂಟಿಂಗ್ ಕೊನೆಗೆ ಬರುತ್ತದೆ.

ನನಗೆ ಪಾಠ ಕಲಿಸಿದ್ದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಹಾಳೆ. ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆಯಲ್ಲಿ ಚೆನ್ನಾಗಿ ಬರುತ್ತಿದ್ದ ಕೆಲಸವನ್ನು ಅದೇ ರೆಸಿನ್, ಅದೇ 365 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ದೀಪದಲ್ಲಿ ಮಾಡಿದಾಗ ಅರ್ಧದಷ್ಟು ಗೆರೆಗಳು ಅಚ್ಚಿನಲ್ಲೇ ಉಳಿದುಬಿಟ್ಟವು. ಅಚ್ಚನ್ನು ತೊಳೆದೆ, ರೋಲರಿನ ಒತ್ತಡವನ್ನು ಬದಲಿಸಿದೆ, ದೀಪದ ಕೆಳಗೆ ಇನ್ನಷ್ಟು ಹೊತ್ತು ಇಟ್ಟೆ. ಮೂರು ದಿನ ಹೀಗೇ ಕಳೆಯಿತು. ತಪ್ಪಿದ್ದದ್ದು ಬೇರೆಡೆ. ಬಿಸಿಲಿಗೆ ಹಳದಿಯಾಗದಿರಲೆಂದು ಆ ಹಾಳೆಗೆ ಬೆರೆಸಿದ್ದ ರಾಸಾಯನಿಕವೇ ನಮ್ಮ ದೀಪದ ಬೆಳಕನ್ನು ಹೀರಿಕೊಳ್ಳುತ್ತಿತ್ತು. 395 ನ್ಯಾನೊಮೀಟರ್‌ನ ಎಲ್‌ಇಡಿ ದೀಪವನ್ನೂ ಆ ಬೆಳಕಿಗೆ ಸ್ಪಂದಿಸುವ ರೆಸಿನ್ನನ್ನೂ ತಂದ ದಿನವೇ ಹಾಳೆ ಸಲೀಸಾಗಿ ಸುಲಿದು ಬಂತು. ಹಾಳೆಯನ್ನು ಕೊಳ್ಳುವಾಗ ದಪ್ಪ ಮತ್ತು ಬೆಲೆಯ ಜೊತೆಗೆ, ಯಾವ ತರಂಗಾಂತರದ ಬೆಳಕು ಎಷ್ಟು ದಾಟುತ್ತದೆ ಎಂಬ ನಕ್ಷೆಯನ್ನೂ ಕೇಳಿ ಪಡೆಯಬೇಕೆಂದು ಈಗ ಎಲ್ಲರಿಗೂ ಹೇಳುತ್ತೇನೆ.

ಹಾಳೆಯ ಅಂಚಿನಿಂದ ಹೊರಗೆ ಒಸರಿದ ರೆಸಿನ್ ಮಾತ್ರ ಎಷ್ಟು ಬೆಳಕು ಕೊಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ. ಗಾಳಿಯ ಆಮ್ಲಜನಕವು ಗಟ್ಟಿಯಾಗುವ ಕ್ರಿಯೆಯನ್ನು ತಡೆಯುವುದೇ ಇದಕ್ಕೆ ಕಾರಣ. ಆ ಅಂಟನ್ನು ಬರಿಗೈಯಲ್ಲಿ ಒರೆಸಬಾರದು. ಗಟ್ಟಿಯಾಗದ ಅಕ್ರಿಲೇಟಿಗೆ ಚರ್ಮದ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲವಾದ್ದರಿಂದ, ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಕೊಡುವುದು ನೈಟ್ರೈಲ್ ಕೈಗವಸು.

ಪದರಗಳು ಗಟ್ಟಿಯಾಗಿ ಅಂಟಿವೆಯೇ ಎಂದು ನೋಡಲು, ಸಿದ್ಧವಾದ ಹಾಳೆಯ ಮೇಲೆ ಬ್ಲೇಡಿನಿಂದ ಒಂದೊಂದು ಮಿಲಿಮೀಟರಿನ ನೂರು ಚೌಕಗಳನ್ನು ಗೀರಿ, ಟೇಪ್ ಅಂಟಿಸಿ, ಒಮ್ಮೆಗೇ ಎಳೆಯುತ್ತೇವೆ. ಆ ಪಾಲಿಕಾರ್ಬೊನೇಟ್ ಹಾಳೆಯಿಂದ ಕಿತ್ತ ಟೇಪಿನಲ್ಲಿ ಒಂದು ಚೌಕವೂ ಎದ್ದು ಬಂದಿರಲಿಲ್ಲ.