ಐದನೇ ತಿಂಗಳಿನ ವಾಂತಿ

ಬಸುರಿಗೆ ವಾಂತಿಯಾದರೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಮಲಬದ್ಧತೆಯಾದರೆ ಕಬ್ಬಿಣದ ಮಾತ್ರೆಯ ಮೇಲೆ ಗೂಬೆ ಕೂರಿಸುತ್ತಾರೆ. ಹೊಟ್ಟೆ ನೋವು ಎಂದರೆ ಮಗು ಹೊರಳುತ್ತಿದೆ ಎನ್ನುತ್ತಾರೆ. ಒಂದೊಂದಕ್ಕೂ ಸಮಾಧಾನ ಸಿದ್ಧವಿರುವುದರಿಂದ ಮೂರೂ ಕೂಡಿ ಬಂದದ್ದು ಯಾರ ಗಮನಕ್ಕೂ ಬರುವುದಿಲ್ಲ.

ನನ್ನ ನಾದಿನಿ ಮಧುಗಿರಿಯ ನಮ್ಮ ಮನೆಗೆ ಬಂದಿದ್ದಳು. ಬಯಕೆ ವಾಂತಿ ಎಂದೋ ನಿಂತು, ಮುದ್ದೆ ಉಪ್ಸಾರನ್ನು ಖುಷಿಯಾಗಿ ಉಣ್ಣುತ್ತಿದ್ದವಳಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ ಹೊಟ್ಟೆ ನುಲಿಯತೊಡಗಿತು. ನೋವು ಬಂದಾಗ ಮೊಣಕಾಲು ಎಳೆದುಕೊಂಡು ಮುದುರಿಕೊಳ್ಳುವಳು. ಸ್ವಲ್ಪ ಹೊತ್ತಿಗೆ ಎದ್ದು ಕುಳಿತು, ತುರುಬು ಕಟ್ಟಿಕೊಂಡು ಏನೂ ಆಗದವಳಂತೆ ಮಾತನಾಡುವಳು. ಮತ್ತೆ ಅದೇ ಪಾಡು. ಅತ್ತೆ ಓಮಿನ ಕಷಾಯ ಕುಡಿಸಿದರು. ಅದೂ ಹೊರಗೆ ಬಂತು. ಬೆಳಗಿನ ವಾಂತಿಯಲ್ಲಿ ಅನ್ನದ ಅಗುಳಿರಲಿಲ್ಲ, ಬರೀ ಹಸಿರು ಪಿತ್ತ. ಹೊಟ್ಟೆಯ ಮೇಲ್ಭಾಗ ತಮಟೆಯಂತೆ ಬಿಗಿದಿತ್ತು.

ಮದುವೆಗೆ ಮೊದಲು ನಾನು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ಎಲ್ಲರಿಗೂ ನಾಚಿಕೆಯಿಲ್ಲದೆ ಕೇಳುತ್ತಿದ್ದ ಪ್ರಶ್ನೆಯೊಂದಿದೆ. ಪತಿರಾಯರನ್ನು ಕೋಣೆಯಿಂದ ಆಚೆ ಕಳುಹಿಸಿ ಕೇಳಿದೆ: "ಗಾಳಿ ಹೋಗುತ್ತಿದೆಯೇ?"

"ನಿನ್ನೆಯಿಂದ ಇಲ್ಲ ಅತ್ತಿಗೆ."

ಗಾಳಿಯೂ ನಿಂತಿದೆಯೆಂದರೆ ಕರುಳಿನ ದಾರಿ ಮುಚ್ಚಿರಬಹುದು. ಸೆರಗು ಸರಿಸಿ ನೋಡಿದೆ. ಬಲಗಡೆ, ಕೆಳಹೊಟ್ಟೆಯಲ್ಲಿ ಕಾಲೇಜು ದಿನಗಳ ಅಪೆಂಡಿಕ್ಸ್ ಆಪರೇಷನ್ನಿನ ಗಾಯದ ಗುರುತು. ತಾಯಿ ಕಾರ್ಡಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಳೆಯ ಆಪರೇಷನ್ ಆದ ಕಡೆ ಒಳಗೆ ನಾರಿನಂಥ ಪಟ್ಟಿಗಳು ಬೆಳೆದು ಕರುಳಿಗೆ ಅಂಟಿಕೊಳ್ಳುತ್ತವೆ. ವರ್ಷಗಟ್ಟಲೆ ಸುಮ್ಮನಿರುತ್ತವೆ. ಗರ್ಭಕೋಶ ಮೇಲಕ್ಕೆ ಬೆಳೆದು ಕರುಳನ್ನು ತಳ್ಳಿದಾಗ ಆ ಪಟ್ಟಿಗೆ ಸಿಕ್ಕ ಕರುಳು ಮಡಚಿ, ದಾರಿ ಮುಚ್ಚಿಕೊಳ್ಳಬಹುದು. ಬಸುರಿಯರಲ್ಲಿ ಕರುಳು ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ. ಕರುಳು ತಿರುಚಿಕೊಂಡೂ ಹೀಗಾಗುವುದುಂಟು. ಅಪರೂಪದ ಕಾಯಿಲೆ ನಿಜ, ಆದರೆ ತಡವಾದರೆ ರಕ್ತ ಸಿಗದೆ ಕರುಳು ಕೊಳೆಯುತ್ತದೆ, ತಾಯಿ ಮಗು ಇಬ್ಬರಿಗೂ ಕುತ್ತು.

ಅಷ್ಟರಲ್ಲಿ ಅತ್ತೆ ಹರಳೆಣ್ಣೆಯ ಬಾಟಲಿ ಹಿಡಿದು ಬಂದರು. ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. ಆ ಕೋಪ ಅವರಿಗೆ ಇನ್ನೂ ಇದೆ. ಮುಚ್ಚಿದ ಕರುಳಿಗೆ ಭೇದಿ ಔಷಧ ಕೊಡುವುದು ಅಪಾಯ. ಹರಳೆಣ್ಣೆಯಂತೂ ಗರ್ಭಕೋಶವನ್ನೂ ಕೆರಳಿಸುತ್ತದೆ.

ಕೊರಟಗೆರೆ ದಾಟಿ ತುಮಕೂರು ಮುಟ್ಟುವವರೆಗೆ ಒಂದು ಗುಟುಕು ನೀರನ್ನೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯೆ ನೋವು ಬಂದಾಗ ಗರ್ಭಕೋಶ ಗಟ್ಟಿಯಾಗುತ್ತದೆಯೇ ಎಂದು ಕೈಯಿಟ್ಟು ಕಾದರು. ಆಗಲಿಲ್ಲ, ಅದು ಹೆರಿಗೆ ನೋವಲ್ಲ. ಸ್ಕ್ಯಾನಿಂಗ್‌ನಲ್ಲಿ ಮಗು ಕ್ಷೇಮ. ಎಕ್ಸ್‌ರೇ ಎಂದಾಗ ಅತ್ತೆ ಅಡ್ಡ ನಿಂತರು. ಒಂದು ಎಕ್ಸ್‌ರೇಯಿಂದ ಮಗುವಿಗೆ ತಗಲುವ ವಿಕಿರಣ ತೀರಾ ಕಡಿಮೆ, ರೋಗ ತಿಳಿಯದೆ ಕೂರುವುದೇ ದೊಡ್ಡ ಅಪಾಯ ಎಂದು ಶಸ್ತ್ರವೈದ್ಯರು ತಾಳ್ಮೆಯಿಂದ ಹೇಳಿದರು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದೊಡನೆ ಹಸಿರು ನೀರು ಚೀಲಕ್ಕೆ ಹರಿಯಿತು. ಕೆಲವರಿಗೆ ನಳಿಕೆ, ಡ್ರಿಪ್‌ಗಳಲ್ಲೇ ಕರುಳು ಬಿಡಿಸಿಕೊಳ್ಳುತ್ತದೆ. ಇವಳಿಗೆ ಆಪರೇಷನ್ನೇ ಬೇಕಾಯಿತು. ಪಟ್ಟಿ ಕತ್ತರಿಸಿದರು, ಕರುಳು ಉಳಿದಿತ್ತು, ಬಸಿರೂ ನಿಂತಿತು.

ಕೊನೆಯ ತಿಂಗಳಲ್ಲಿ ಮಗುವಿನ ತಲೆ ಕೆಳಗಿಳಿಯುವಾಗಲೂ, ಹೆರಿಗೆಯಾದ ಕೂಡಲೇ ಗರ್ಭಕೋಶ ಕುಗ್ಗುವಾಗಲೂ ಕರುಳು ಜಾಗ ಬದಲಿಸುವುದರಿಂದ ಎಚ್ಚರ ತಪ್ಪುವಂತಿಲ್ಲ. ಈಗ ಅವಳಿಗೆ ಎಂಟು ತುಂಬಿದೆ. ಫೋನ್ ಮಾಡಿದಾಗಲೆಲ್ಲ ಮೊದಲು ಆ ಗಾಳಿಯ ಪ್ರಶ್ನೆಯನ್ನೇ ಕೇಳುತ್ತೇನೆ. "ಅತ್ತಿಗೆ, ಊಟವಾಯಿತೇ ಎಂದಾದರೂ ಮೊದಲು ಕೇಳಬಾರದೇ?" ಎಂದು ರೇಗುತ್ತಾಳೆ.