‘ಹೊಲಿಗೆ ಒಣಗಿತೇ?’

ಸಿಸೇರಿಯನ್ ಆದವಳನ್ನು ನಮ್ಮ ಕಡೆ ಮಗುವಿನ ಹೆಸರಿಗಿಂತ ಮೊದಲು ಕೇಳುವುದು ಇದನ್ನೇ. ನನಗೆ ಹೆರಿಗೆಯಾಗಿ ಎರಡು ವರ್ಷ ಕಳೆದರೂ ಪ್ರಶ್ನೆ ನಿಂತಿಲ್ಲ. ಈಗ ಕೇಳುವವರು ದಿನ ತುಂಬಿದ ಗೆಳತಿಯರು, ಚಿಕ್ಕಮ್ಮನ ಮಕ್ಕಳು: ‘ನಿನಗೆ ಎಷ್ಟು ದಿನಕ್ಕೆ ಒಣಗಿತು?’ ಕೇಳುವವರು ಕಡಿಮೆಯಾಗುವ ಹಾಗೂ ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5ರಷ್ಟು ಸಿಸೇರಿಯನ್.

ಚರ್ಮವೇನೋ ಹತ್ತು ಹನ್ನೆರಡು ದಿನಕ್ಕೆ ಕೂಡಿಕೊಂಡಿತು. ಅಲ್ಲಿಗೆ ಮುಗಿಯಿತು ಎಂದುಕೊಂಡದ್ದೇ ನಾನು ಮಾಡಿದ ತಪ್ಪು. ಕಣ್ಣಿಗೆ ಕಾಣುವ ಆ ಗೀಟಿನ ಕೆಳಗೆ ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಕೊನೆಗೆ ಗರ್ಭಕೋಶ, ಇಷ್ಟನ್ನೂ ದಾಟಿ ಮಗುವನ್ನು ತೆಗೆದಿರುತ್ತಾರೆ. (ಸ್ನಾಯುವನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ, ಬಿಡಿಸಿ ಪಕ್ಕಕ್ಕೆ ಸರಿಸುತ್ತಾರೆ. ಇದು ತಿಳಿದಾಗ ನನಗೇಕೋ ಸಮಾಧಾನವಾಯಿತು.) ಆ ಗಟ್ಟಿ ಪೊರೆ ಪೂರ್ತಿ ಬಲ ಪಡೆಯಲು ತಿಂಗಳುಗಳೇ ಬೇಕು. ಆರು ವಾರ ಮಗುವಿಗಿಂತ ಭಾರದ್ದನ್ನು ಎತ್ತಬೇಡಿ ಎಂದು ಹೇಳುವುದು ಅದಕ್ಕೇ. ನಾನು ಹದಿನೈದನೆಯ ದಿನವೇ ತುಂಬಿದ ಬಕೆಟ್ ಎತ್ತಿ, ಅಂದು ರಾತ್ರಿಯೆಲ್ಲ ಮಗ್ಗುಲು ಬದಲಿಸಲಾರದೆ ಮಲಗಿದ್ದೆ.

ಮೊದಲ ಸಲ ಎದ್ದದ್ದನ್ನಂತೂ ಮರೆಯುವಂತಿಲ್ಲ. ಮರುದಿನ ಬೆಳಿಗ್ಗೆ ಮೂತ್ರದ ನಳಿಕೆ ತೆಗೆದ ನರ್ಸ್ ‘ಏಳಿ, ನಡೆಯಿರಿ’ ಎಂದರು. ತಮಾಷೆ ಎಂದುಕೊಂಡೆ. ನೇರವಾಗಿ ಏಳಲು ಹೋದರೆ ಹೊಟ್ಟೆ ಎರಡಾಗಿ ಹರಿದಂತೆ. ಅವರೇ ಕಲಿಸಿದರು: ಮೊಣಕಾಲು ಮಡಿಸಿ, ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಮೊಣಕೈ ಊರಿ ಮೇಲೇಳುವುದು. ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ. ಗೋಡೆ ಹಿಡಿದು, ಗೂನುಬೆನ್ನು ಮಾಡಿಕೊಂಡು ಒಂಬತ್ತನ್ನೂ ಎಣಿಸಿದೆ. ಹೆರಿಗೆಯ ನಂತರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಂತೆ, ನಡೆಸುವುದು ಅದನ್ನು ತಪ್ಪಿಸಲು. ಕೆಮ್ಮು, ಸೀನು, ನಗು ಮೂರಕ್ಕೂ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ನಮ್ಮ ಸೋದರತ್ತೆ ನೋಡಲು ಬಂದರೆ ಬಾಗಿಲಲ್ಲೇ ದಿಂಬಿಗೆ ಕೈ ಹಾಕುತ್ತಿದ್ದೆ, ಅವರ ಮಾತು ಹಾಗೆ.

ಇನ್ನು ನೀರಿನ ಜಗಳ. ತವರಿನಲ್ಲಿ ಅಮ್ಮನ ಬಾಣಂತನ: ಬೆಳಿಗ್ಗೆ ಲೇಹ್ಯ, ಊಟಕ್ಕೆ ಬಿಸಿ ಅನ್ನ, ಮೆಣಸು, ಬೆಳ್ಳುಳ್ಳಿ, ತುಪ್ಪ, ಸಬ್ಬಸಿಗೆ ಸೊಪ್ಪು. ಅದರ ಬಗ್ಗೆ ನನ್ನ ತಕರಾರಿಲ್ಲ, ಆ ಸೊಪ್ಪಿನ ಪಲ್ಯಕ್ಕೆ ಈಗಲೂ ಬಾಯಿ ನೀರೂರುತ್ತದೆ. ಆದರೆ ಕುಡಿಯುವ ನೀರು ಮಾತ್ರ ಹೊತ್ತಿಗೆ ಅರ್ಧ ಲೋಟ, ಅದೂ ಶುಂಠಿ ಹಾಕಿ ಕುದಿಸಿದ್ದು. ‘ನೀರು ಕುಡಿದರೆ ಹೊಲಿಗೆ ಹಸಿಯಾಗುತ್ತದೆ’ ಎಂಬುದು ಅಮ್ಮನ ವಾದ. ಕುಡಿದ ನೀರು ಹೊಟ್ಟೆಯೊಳಗಿಂದ ಜಿನುಗಿ ಹೊಲಿಗೆಯನ್ನು ತೋಯಿಸುತ್ತದೆ ಎಂದು ಅವರು ನಿಜಕ್ಕೂ ನಂಬಿದ್ದರು. ಮೊಲೆಯೂಡಿಸಲು ಕೂತರೆ ಗಂಟಲು ಒಣಗುತ್ತಿತ್ತು, ಮೂತ್ರ ಕಡು ಹಳದಿ. ಅದರ ಮೇಲೆ ಮಲಬದ್ಧತೆ. ಐದನೆಯ ದಿನ, ಮುಕ್ಕಿದರೆ ಹೊಲಿಗೆ ಬಿಚ್ಚೀತೆಂಬ ಭಯದಲ್ಲಿ ಕಕ್ಕಸಿನಲ್ಲಿ ಕೂತು ಅತ್ತಿದ್ದೇನೆ. ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಕೊನೆಗೆ ವೈದ್ಯರೇ ಫೋನಿನಲ್ಲಿ ಅಮ್ಮನಿಗೆ ಗದರಿದರು: ಬಾಯಾರಿದಷ್ಟೂ ಕೊಡಿ, ಹೊಲಿಗೆಗೂ ಅದಕ್ಕೂ ಸಂಬಂಧವಿಲ್ಲ. ಮಲ ಮೆತ್ತಗಾಗುವ ಔಷಧಿಯನ್ನೂ ಬರೆದರು. ಅಮ್ಮ ಎರಡು ದಿನ ಮುಖ ಊದಿಸಿಕೊಂಡೇ ಚೊಂಬು ತಂದಿಟ್ಟರು.

ಹೊಟ್ಟೆಗೆ ಹಳೆಯ ಹತ್ತಿ ಸೀರೆ ಸುತ್ತಿದ್ದು ಮಾತ್ರ ಹಿತವಾಗಿತ್ತು. ಹೊಲಿಗೆಗೆ ಉಜ್ಜದಂತೆ, ಉಸಿರು ಕಟ್ಟದಂತೆ ಸುತ್ತಿದರೆ ನಡೆಯುವಾಗ ಯಾರೋ ಕೈಕೊಟ್ಟ ಹಾಗೆ.

ಸೊಂಟ ನೋವಿಗೆ ಎಲ್ಲರೂ, ಕೊಯ್ಯುವ ಮೊದಲು ಮೈ ಮರಗಟ್ಟಿಸಲು ಬೆನ್ನಿಗೆ ಕೊಟ್ಟ ಚುಚ್ಚುಮದ್ದನ್ನು ಬೈಯುತ್ತಾರೆ. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೂ ಅದಕ್ಕೂ ನಂಟಿರುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನನ್ನ ನೋವು ಬಗ್ಗಿ ಕೂತು ಹಾಲೂಡಿಸಿದ್ದರ ಫಲ, ಮಡಿಲಿಗೆ ದಿಂಬು ಬಂದ ಮೇಲೆ ಇಳಿಯಿತು. ಆದರೆ ಕೂತರೆ ತಲೆ ಸಿಡಿದು ಮಲಗಿದರೆ ಇಳಿಯುವ ನೋವು ಆ ಚುಚ್ಚುಮದ್ದಿನಿಂದಲೇ ಬರಬಹುದು, ಅದನ್ನು ವೈದ್ಯರಿಗೆ ಹೇಳಲೇಬೇಕು. ಜ್ವರ ಬಂದರೆ, ಹೊಲಿಗೆಯಲ್ಲಿ ಕೀವಾದರೆ, ಒಂದು ಗಂಟೆಯಲ್ಲೇ ಪ್ಯಾಡ್ ತೊಯ್ದುಹೋದರೆ, ಒಂದೇ ಕಾಲು ಊದಿ ನೋವಾದರೆ, ಉಸಿರು ಸಿಕ್ಕಿಕೊಂಡರೆ, ಕಣ್ಣು ಮಂಜಾದರೆ ಮನೆಯವರ ಸಭೆ ಸೇರುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಿ.

ಹೊಲಿಗೆಯ ಮೇಲ್ಭಾಗದಲ್ಲಿ ಬೆರಳಗಲ ಜಾಗ ನನಗೆ ಇಂದಿಗೂ ಮರಗಟ್ಟಿದೆ. ಕೊಯ್ಯುವಾಗ ಚರ್ಮದ ಸಣ್ಣ ನರಗಳೂ ತುಂಡಾಗುತ್ತವೆ, ಕೆಲವರಿಗೆ ಸ್ಪರ್ಶ ಮರಳಲು ಬಹಳ ಕಾಲ ಬೇಕು. ಲಂಗದ ಲಾಡಿ ಸರಿಯಾಗಿ ಅಲ್ಲೇ ಬರುತ್ತದೆ, ಬಿಗಿಯಾಯಿತೋ ಸಡಿಲವಾಯಿತೋ ತಿಳಿಯುವುದಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: ‘ಹಾಗಾದರೆ ಇನ್ನೊಂದು ಯಾವಾಗ?’ ಗರ್ಭಕೋಶದ ಗಾಯ ಮಾಯಲು ಕನಿಷ್ಠ ಒಂದೂವರೆ ಎರಡು ವರ್ಷ ಬಿಟ್ಟೇ ಮುಂದಿನದನ್ನು ಯೋಚಿಸಿ ಎಂದು ವೈದ್ಯರು ಹೇಳಿದ್ದರು. ಆ ಅವಧಿ ಮುಗಿದಿದೆ ಎಂಬುದು ಸೋದರತ್ತೆಗೂ ಗೊತ್ತು. ಅವರಿಗೆ ಮಾತ್ರ ನಾನು ಹೇಳುವುದು, ಹೊಲಿಗೆ ಇನ್ನೂ ಒಣಗಿಲ್ಲ ಎಂದು.