ಯಾರ ಮೇಲೆ ಬೇಜಾರು?

"ತುಂಬಾ ಬೇಜಾರಾಗ್ತಿದೆ ಸರ್." ಮ್ಯಾನೇಜರ್ ಜೊತೆ ಇಬ್ಬರೇ ಕೂತು ಮಾತಾಡುವ ಒನ್ ಆನ್ ಒನ್‌ನಲ್ಲಿ ನಾನು ಹೇಳಿದ್ದು ಇಷ್ಟೇ. ಮ್ಯಾನೇಜರ್ ಹಾಸನದ ಕಡೆಯವರು, ಕನ್ನಡದಲ್ಲೇ ಮಾತಾಡಬಹುದಲ್ಲ ಅಂತ ಧೈರ್ಯ. ಅವರು ಲ್ಯಾಪ್‌ಟಾಪ್ ಮುಚ್ಚಿದರು. ಆ ಮನುಷ್ಯ ಲ್ಯಾಪ್‌ಟಾಪ್ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದನಿ ತಗ್ಗಿಸಿ, "ಯಾರ ಮೇಲಮ್ಮ?" ಎಂದರು.

ನನ್ನ ಸಂಕಟವೇ ಬೇರೆ. ಎಂಟು ತಿಂಗಳಿಂದ ಐಟಿ ಸಪೋರ್ಟಿನ ಎರಡನೇ ಹಂತ ಎಲ್‌2ನಲ್ಲಿ ಕೂತು ಬರೀ ಪಿ4, ಅಂದರೆ ತುರ್ತಿಲ್ಲದ ಸಣ್ಣಪುಟ್ಟ ದೂರಿನ, ಟಿಕೆಟ್ ಮುಚ್ಚುತ್ತಿದ್ದೆ. ಯೂಸರ್ ಲಾಕ್ ಆಗಿದ್ದಾರೆ, ಬಿಡಿಸು. ಜಾಬ್ ನಿಂತಿದೆ, ಮತ್ತೆ ಓಡಿಸು. ಯಾವ ದೂರಿಗೆ ಏನು ಮಾಡಬೇಕು ಅಂತ ಬರೆದಿಟ್ಟ ರನ್‌ಬುಕ್ ಬಾಯಿಪಾಠ ಆಗಿತ್ತು. ಹನ್ನೊಂದು ಗಂಟೆಗೆಲ್ಲ ಕ್ಯೂ ಖಾಲಿ. ಆಮೇಲೆ ಸಂಜೆವರೆಗೆ ಚಾಟ್‌ನಲ್ಲಿ ಹಸಿರು ದೀಪ ಆರದಂತೆ ಆಗಾಗ ಮೌಸ್ ಅಲ್ಲಾಡಿಸುವುದು.

ಇದನ್ನೆಲ್ಲ ಹೇಳಬೇಕಿತ್ತು. ಹೇಳಲಿಲ್ಲ. "ಯಾರ ಮೇಲೂ ಇಲ್ಲ ಸರ್" ಅಂದು ಸುಮ್ನೆ ನಕ್ಕುಬಿಟ್ಟೆ. ಹುಡುಗಿ ಬೇಜಾರು ಅಂತಾಳೆ, ಹೆಸರು ಹೇಳಲ್ಲ, ನಗ್ತಾಳೆ. ಅವರ ಜಾಗದಲ್ಲಿ ನಾನಿದ್ದರೂ ಅದೇ ಲೆಕ್ಕ ಹಾಕುತ್ತಿದ್ದೆ.

ಮಾರನೇ ದಿನ ಮೂರು ಗಂಟೆಗೆ ಒಂದು ಮೀಟಿಂಗ್ ಬಂತು. ಒಳಗೆ ಹೋದರೆ ಎಚ್‌ಆರ್ ಮೇಡಂ. ಮೇಜಿನ ಮೇಲೆ ನೀರಿನ ಬಾಟಲಿ, ಟಿಶ್ಯೂ ಡಬ್ಬಿ. ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ನಿಮ್ಮ ಟೀಮ್ ಲೀಡ್ ಜೊತೆ ಏನಾದ್ರೂ ತೊಂದ್ರೆ ಇದೆಯಾ?"

ಗಾಜಿನ ಗೋಡೆ. ಆಚೆ ನಮ್ಮ ಲೀಡ್ ಸ್ಕ್ರೀನ್ ನೋಡುವವರ ಹಾಗೆ ಕೂತಿದ್ದರು, ಸ್ಕ್ರೀನ್ ಲಾಕ್ ಆಗಿತ್ತು. ಬೆಳಗ್ಗೆ ಅವರನ್ನೂ ಕರೆಸಿದ್ದರಂತೆ. ನನ್ನ ಬಾಯಿ ಒಣಗಿತು. ಬೋರು ಅಂದರೆ ಸೋಮಾರಿ ಅಂದುಕೊಳ್ಳುತ್ತಾರೆ. ಕೈ ಖಾಲಿ ಅಂದರೆ ಸೀಟೇ ಹೋಗಬಹುದು. ಸವಾಲಿಲ್ಲ ಅಂದರೆ ವೇದಿಕೆ ಭಾಷಣ. ಕೊನೆಗೆ ಬಾಯಿಗೆ ಬಂದದ್ದು, "ಕೆಲಸ ಸಾಲ್ತಿಲ್ಲ ಮೇಡಂ."

ಅವರು ಬರೆದುಕೊಂಡರು. ಸೋಮವಾರ ಇನ್ನೆರಡು ಅಪ್ಲಿಕೇಶನ್‌ಗಳ ಪಿ4 ಕ್ಯೂ ನನ್ನ ತಲೆಗೆ ಬಂತು, ಜೊತೆಗೆ ಶನಿವಾರದ ಶಿಫ್ಟ್. ಸಾಲ್ತಿಲ್ಲ ಅಂದವಳಿಗೆ ಬಡಿಸಿದ್ದಾರೆ, ಅದೇ ಉಪ್ಪಿಲ್ಲದ ಸಾರು.

ಸರಿಯಾದ ಪದ ಸಿಕ್ಕಿದ್ದು ಒಂದು ತಿಂಗಳು ತಡವಾಗಿ, ಕ್ಲೈಂಟ್ ಕಡೆಯಿಂದ. ಅವರು ಜರ್ಮನಿಯವರು. ಹ್ಯಾಂಡೋವರ್ ಕಾಲ್ ಮುಗಿಯುವಾಗ ಅಲ್ಲಿಯ ಹುಡುಗಿ ತಾನು ಟೀಮ್ ಬಿಡುತ್ತಿದ್ದೇನೆ ಅಂದಳು. ಯಾಕೆ ಅಂದರೆ "ಉಂಟರ್‌ಫೋರ್ಡರ್ಟ್". ಕೆಲಸ ತನ್ನಿಂದ ಕೇಳುವುದು ತೀರಾ ಕಡಿಮೆ, ಅಂತ. ಜಾಸ್ತಿ ಕೇಳಿದರೆ "ಯೂಬರ್‌ಫೋರ್ಡರ್ಟ್" ಅಂತೆ. ನೆಗಡಿ ಆಗಿದೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ನಮ್ಮಲ್ಲಿ ನೋಡಿ, ಬಸ್ ಬರದಿದ್ದರೂ ಬೇಜಾರು, ಮದುವೆಗೆ ಕರೆಯದಿದ್ದರೂ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು.

ಅವತ್ತು ರಾತ್ರಿ ಹುಡುಕಿದರೆ ಇನ್ನೊಂದು ಸಿಕ್ಕಿತು, "ಬೋರ್‌ಔಟ್". ಕೆಲಸ ಸಾಲದೆ, ಬೋರಾಗಿಯೇ ಮನಸ್ಸು ಸೋತುಹೋಗುವುದು. 2007ರಲ್ಲಿ ಸ್ವಿಟ್ಜರ್ಲೆಂಡ್‌ನ ಇಬ್ಬರು ಸಲಹೆಗಾರರು ಚಾಲ್ತಿಗೆ ತಂದದ್ದು. 2020ರಲ್ಲಿ ಪ್ಯಾರಿಸ್‌ನ ಮೇಲ್ಮನವಿ ಕೋರ್ಟು ಒಬ್ಬ ಉದ್ಯೋಗಿಯ ಬೋರ್‌ಔಟನ್ನು ಕಿರುಕುಳ ಅಂತಲೇ ಒಪ್ಪಿದೆ. ಸರ್‌ಗೆ ಚಾಟ್‌ನಲ್ಲಿ ಟೈಪ್ ಮಾಡಿ ಅಳಿಸಿದೆ. ಅದನ್ನು ಬರ್ನ್‌ಔಟ್ ಅಂತ ಓದಿ ಎರಡು ದಿನ ರಜೆ ತಗೋಮ್ಮ ಅಂತಿದ್ರು.

ಮುಂದಿನ ಒನ್ ಆನ್ ಒನ್‌ನಲ್ಲಿ ಮನಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ. "ಪೇಮೆಂಟ್ ಬ್ಯಾಚ್ ಪ್ರತಿ ತಿಂಗಳ ಕೊನೆಗೆ ಯಾಕೆ ಬೀಳುತ್ತೆ ಅಂತ ಆರ್‌ಸಿಎ ನಾನು ಬರೀತೀನಿ ಸರ್." ಆರ್‌ಸಿಎ ಅಂದರೆ ತೊಂದರೆಯ ಮೂಲ ಹುಡುಕಿ ಬರೆಯುವ ವರದಿ. "ಓ, ಮಾಡಮ್ಮ" ಅಂದರು. ಲ್ಯಾಪ್‌ಟಾಪ್‌ನಿಂದ ಕಣ್ಣು ಕೂಡ ಎತ್ತಲಿಲ್ಲ. ಪಿ4 ಕ್ಯೂ ಮಾತ್ರ ವಾಪಸ್ ತಗೊಂಡಿಲ್ಲ, ಶನಿವಾರವೂ ಹಾಗೇ ಇದೆ.

ಲೀಡ್‌ಗೆ ಎಲ್ಲ ಬಿಡಿಸಿ ಹೇಳಿದೆ. ನಕ್ಕರು, ಪರವಾಗಿಲ್ಲ ಅಂದರು. ಆದರೆ ಈಗಲೂ ನನ್ನನ್ನು ಟೀಗೆ ಕರೆಯುವಾಗ ಪಕ್ಕದ ಸಾಲಿನಿಂದ ಇನ್ನಿಬ್ಬರನ್ನು ಕರೆದುಕೊಂಡೇ ಬರುತ್ತಾರೆ.